ಎರಡು ದೊಡ್ಡ ಬ್ಲ್ಯಾಕ್ ಹೋಲ್ ಕೂಡಿದ್ರ ಬೆಳಕು ಕಾಣ್ತದೇನ್ರಿ?

ಪ್ರಶ್ನೆ (ಬೀದರ್, ಬಿಎಸ್ಸಿ ವಿದ್ಯಾರ್ಥಿ): ಸರ್ ನಮಸ್ಕಾರ್ರಿ. ಬ್ಲ್ಯಾಕ್ ಹೋಲ್‌ದಿಂದ ಬೆಳಕೇ ಹೊರಗ ಬರಂಗಿಲ್ಲ ಅಂತ ಕ್ಲಾಸಿನಾಗ ಹೇಳ್ಯಾರ, ಮತ್ತ ಗ್ಯಾಲಕ್ಸಿ ನಡುವಿನ ಎರಡು ದೊಡ್ಡವು ಕೂಡಿದ್ರ ಗುರುತ್ವ ಅಲೆ (ಭಾರದವು ಸುತ್ತಿದಾಗ ಜಾಗನೇ ನಡುಗಿ ಏಳೋ ತರಂಗ) ಜೋಡಿ ಬೆಳಕೂ ಕಾಣಬಹುದು ಅಂತಾರ, ಅದು ಹ್ಯಾಂಗ್ರಿ?

ಉತ್ತರ (ಖಗೋಳ ಸಂಶೋಧಕ, ಕಲಬುರಗಿ): ಚಲೋ ಕೇಳಿದಿ ತಮ್ಮಾ. ಆ ಬೆಳಕು ಬ್ಲ್ಯಾಕ್ ಹೋಲಿಂದಲ್ಲ, ಸುತ್ತಿನ ಗ್ಯಾಸಿಂದು. ಗ್ಯಾಲಕ್ಸಿ ಕೂಡಿದಾಗ ನಡುವಕ ಗ್ಯಾಸ್ ಬಂದು ತುಂಬ್ತದ, ತಿರುಗ್ಕೋತ ತಿಕ್ಕಾಡಿ ಕಾಯ್ತದ, ಹೊಳೀತದ. ಮನ್ಯಾಗ ಹಿರಿಯರನ್ನ ಹಂತಿ ಹೊಡೆಯೋದು ಹ್ಯಾಂಗಿತ್ತು ಅಂತ ಕೇಳು, ಎತ್ತು ಸುತ್ತಿದಂಗ ತೆನಿ ಅಂಚಿಗೆ ಸರೀತಿದ್ವು, ಒಬ್ಬರು ಮತ್ತ ಒಳಗ ದೂಡ್ಕೋತ ಇರ್ತಿದ್ರು. ಈ ಜೋಡಿನೂ ಸುತ್ತಿ ಸುತ್ತಿ ನಡುವಿನ ಗ್ಯಾಸ್ ಖಾಲಿ ಮಾಡ್ತಾವ, ಆದ್ರ ಅಂಚಿಂದ ಎಳಿ ಎಳಿಯಾಗಿ ಒಳಗ ಬೀಳ್ಕೋತ ಇರ್ತದ, ಅದಕ್ಕ ಬೆಳಕು, ಎಕ್ಸ್-ರೇ ಎರಡೂ ಸುತ್ತಿನ ತಾಳಕ್ಕ ಏರಿ ಇಳೀಬೇಕು. ಗ್ಯಾಸೇ ಇಲ್ದಿದ್ರ ಕತ್ತಲೇ.

ಪ್ರಶ್ನೆ (ಯಾದಗಿರಿ, ಹೈಸ್ಕೂಲ್ ಶಿಕ್ಷಕಿ): ನಮ್ಮ ಕಡೆ ಹತ್ರನೇ, ಮಹಾರಾಷ್ಟ್ರದ ಹಿಂಗೋಲಿ ಜಿಲ್ಲಾದ ಔಂಢಾ ನಾಗನಾಥದಾಗ ಗುರುತ್ವ ಅಲೆ ಹಿಡಿಯೋ ಲಿಗೋ ಯಂತ್ರ ಬರ್ತದಲ್ರಿ, ಅದರಾಗ ಇವು ಸಿಗ್ತಾವೇನ್ರಿ?

ಉತ್ತರ: ಇಲ್ರಿ ಮೇಡಂ. 2023ರಾಗ ಕೇಂದ್ರ ಸಂಪುಟ ಒಪ್ಪಿದ ಆ ಲಿಗೋದ ತೋಳು (ಲೇಸರ್ ಓಡೋ ಉದ್ದನ ಕೊಳವಿ) 4 ಕಿಲೋಮೀಟರ್, ಸೆಕೆಂಡಿಗೆ ಹತ್ತಾರರಿಂದ ಸಾವಿರಾರು ಸಲ ನಡುಗೋ ಅಲೆ ಅಷ್ಟೇ ಅದಕ್ಕ ಕೇಳ್ತಾವ. ಹತ್ತು ಲಕ್ಷ ಸೂರ್ಯನ ತೂಕದವು ಕೂಡಿದ್ರ ಒಂದು ಅಲೆ ದಾಟಲಿಕ್ಕೇ ನಿಮಿಷಗಟ್ಟಲೆ ಬೇಕು. ಅದಕ್ಕಂತ ಯುರೋಪಿನವರು ಲೀಸಾ ಅಂತ ಮೂರು ನೌಕೆ ಕಳಿಸ್ತಾರ, ಒಂದಕ್ಕೊಂದು 25 ಲಕ್ಷ ಕಿಲೋಮೀಟರ್ ದೂರ, 2035ರಾಗ ಹಾರಿಸೋ ಯೋಜನೆ ಅದ. ಅದಕ್ಕಿಂತ ಭಾಳ ದೊಡ್ಡವು ಕೂಡೋ ಮೊದಲು ಸುತ್ತೋವಾಗ ಏಳೋ ಅಲೆ ದಾಟಲಿಕ್ಕೆ ವರ್ಷಗಳೇ ಹಿಡಿತಾವ, ಅವನ್ನ ಪಲ್ಸಾರ್ (ತಿರುಗ್ಕೋತ ತಾಳ ತಪ್ಪದಂಗ ಮಿಡಿಯೋ) ನಕ್ಷತ್ರದ ಟಿಕ್‌ಟಿಕ್ ಅಳದು ಹಿಡಿಬೇಕು. 2023 ಜೂನ್‌ದಾಗ ಅಂಥ ಅಲೆಗಳ ಗುಂಯ್‌ಗುಡಿಕೆಗೆ ಪುರಾವೆ ಸಿಕ್ಕಿತು, ಪುಣೆ ಹತ್ರ ಖೋಡದದ ರೇಡಿಯೋ ಟೆಲಿಸ್ಕೋಪಿಂದ ನಮ್ಮ ದೇಶದವರೂ ಅದರಾಗ ಅದಾರ, ನನಗ ಭಾಳ ಹೆಮ್ಮಿ.

ಪ್ರಶ್ನೆ (ಬೀದರ್): ಬೆಳಕು ಸಿಕ್ರ ಏನ್ ಲಾಭ ಸರ್?

ಉತ್ತರ: ಅಲೆಯಿಂದ ದೂರ ಗೊತ್ತಾಗ್ತದ, ಬೆಳಕಿಂದ ಯಾವ ಗ್ಯಾಲಕ್ಸಿ, ಎಷ್ಟು ವೇಗದಾಗ ದೂರ ಹೊಂಟದ ಅಂತ ಗೊತ್ತಾಗ್ತದ. ಎರಡೂ ಕೂಡಿದ್ರ ವಿಶ್ವ ಹಿಗ್ಗೋ ವೇಗ ಅಳೀಬಹುದು. 2017 ಆಗಸ್ಟ್ 17ಕ್ಕ ಎರಡು ನ್ಯೂಟ್ರಾನ್ ನಕ್ಷತ್ರ (ಸತ್ತ ದೊಡ್ಡ ನಕ್ಷತ್ರದ ಬಿಗಿ ತಿರುಳು) ಕೂಡಿದಾಗ ಅಲೆ ಮುಗಿದು 1.7 ಸೆಕೆಂಡಿಗೆ ಗಾಮಾ ಕಿರಣ ಬಂತು, ಟೆಲಿಸ್ಕೋಪ್ ತಿರುಗಿಸಿ ಜಾಗ ಹುಡುಕೋದ್ರಾಗ ಸುಮಾರು 11 ತಾಸು ಹೋತು. ದೊಡ್ಡವು ಕೂಡೋದ್ರ ಸುಳಿವು ಲೀಸಾಗ ಮೊದಲೇ ಸಿಗ್ತದ, ಅಷ್ಟರಾಗ ಟೆಲಿಸ್ಕೋಪ್ ತಿರುಗಿಸಿ ಇಟ್ಕೋಬಹುದು, ನಮ್ಮಂಥವರು ಕಾಯೋದು ಅದಕ್ಕೇ. ಇಂಥ ದೊಡ್ಡ ಬ್ಲ್ಯಾಕ್ ಹೋಲ್ ಕೂಡಿದ್ದು ಇನ್ನೂ ಒಂದೂ ಖಾತ್ರಿಯಾಗಿ ಕಂಡಿಲ್ಲ. ಜೋಡಿ ಇರಬಹುದು ಅಂತ ಭಾಳ ಮಂದಿ ನೋಡೋದು ಓಜೆ 287 ಅನ್ನೋ ದೂರದ ಗ್ಯಾಲಕ್ಸಿ ನಡು, ಸುಮಾರು 12 ವರ್ಷಕ್ಕೊಮ್ಮೆ ಜೋರಾಗಿ ಹೊಳೀತದ. ಚಳಿಗಾಲದ ರಾತ್ರಿ ಕರ್ಕ ರಾಶಿ ಕಡೆ ನೋಡು, ಬರಿಗಣ್ಣಿಗೆ ಕಾಣಂಗಿಲ್ಲ ಖರೆ, ಆದ್ರ ಇರೋದು ಅಲ್ಲೇ.