ಹಳೇ 486ಗೆ ಸಿಎಫ್ ಕಾರ್ಡ್, ವೈಫೈ ಎರಡೂ ಹಾಕ್ಬೇಕು, ಎಲ್ಲಿಂದ ಶುರು ಮಾಡ್ಲಿ?

ಹಳೇಪೆಟ್ಟಿಗೆ:
ನಮಸ್ಕಾರ ಎಲ್ರಿಗೂ. ಅಪ್ಪ ಲೆಕ್ಕ ಬರೀತಿದ್ದ 486 ಡಿಎಕ್ಸ್2 ಕಂಪ್ಯೂಟರ್ ಅಟ್ಟದಿಂದ ಇಳಿಸಿದೀನಿ, ಆಪರೇಟಿಂಗ್ ಸಿಸ್ಟಮ್ ಡಾಸ್ 6.22, 8 ಎಂಬಿ ರ‍್ಯಾಮ್. ಬೂಟ್ ಆಗತ್ತೆ, ಆದ್ರೆ 210 ಎಂಬಿ ಹಾರ್ಡ್ ಡಿಸ್ಕು ಆಗಾಗ ಟಕ್ ಟಕ್ ಅಂತಿದೆ, ಫ್ಲಾಪಿ ಡ್ರೈವ್ ಸರಿಯಾಗಿ ಓದ್ತಾನೇ ಇಲ್ಲ. ಹತ್ರ 8 ಜಿಬಿ ಸಿಎಫ್ (ಕಾಂಪ್ಯಾಕ್ಟ್ ಫ್ಲಾಶ್) ಮೆಮೊರಿ ಕಾರ್ಡ್, ಅದನ್ನ ಹಾರ್ಡ್ ಡಿಸ್ಕ್ ಕೇಬಲ್ಲಿಗೆ ಸೇರಿಸೋ ಐಡಿಇ ಅಡಾಪ್ಟರ್ ಇದೆ, ಹಾಕಿದ್ರೆ ಬಯೋಸ್ (ಆನ್ ಆದಾಗ ಡಿಸ್ಕ್ ಗುರುತಿಸೋ ಪ್ರೋಗ್ರಾಮ್) 504 ಎಂಬಿ ಮಾತ್ರ ತೋರಿಸತ್ತೆ, ಕಾರ್ಡೇ ಹಾಳಾಗಿದ್ಯಾ? ವೈಫೈಗೆ ಸೀರಿಯಲ್ ಪೋರ್ಟಿಗೆ ಹಾಕೋ ಮೋಡೆಮ್ ಸಾಕಾ?

ಬೆಸುಗೆ_ಕೈ:
ಮೊದ್ಲು ಆ ಡಿಸ್ಕಲ್ಲಿರೋದನ್ನ ಉಳಿಸ್ಕೊಳಿ, ಮಿಕ್ಕಿದ್ದೆಲ್ಲ ಆಮೇಲೆ! ಟಕ್ ಟಕ್ ಅಂತಿರೋ ಡಿಸ್ಕ್ ಎಷ್ಟು ಸಲ ಆನ್ ಆಗತ್ತೆ ಅಂತ ಹೇಳಕ್ಕಾಗಲ್ಲ, ಸಿಎಫ್‌ನ ಸ್ಲೇವ್, ಅಂದ್ರೆ ಎರಡನೇ ಡಿಸ್ಕ್ ಮಾಡಿ ಅಪ್ಪನ ಫೈಲ್‌ಗಳನ್ನ ಇವತ್ತೇ ಕಾಪಿ ಮಾಡ್ಬಿಡಿ, 504 ಎಂಬಿ ಅದಕ್ಕೆ ಧಾರಾಳವಾಗಿ ಸಾಕು.

ಕಾರ್ಡ್ ಸರಿಯಾಗೇ ಇದೆ. ಹಳೇ ಬಯೋಸ್ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ದಾಟಿ ಎಣಿಸಲ್ಲ, ಸೆಕ್ಟರಿಗೆ 512 ಬೈಟ್ ಅಂತ ಗುಣಿಸಿ ನೋಡಿ, ಸರಿಯಾಗಿ 504 ಬರತ್ತೆ. ಪೂರ್ತಿ ಜಾಗ ಬೇಕಂದ್ರೆ ಎಕ್ಸ್‌ಟಿ-ಐಡಿಇ ಯೂನಿವರ್ಸಲ್ ಬಯೋಸ್ ಅಂತ ಇದೆ, ಅದನ್ನ ಒಂದು ಈಪ್ರಾಮಿಗೆ (ಪ್ರೋಗ್ರಾಮ್ ಬರೆದಿಡೋ ಚಿಪ್) ಬರೆದು ನೆಟ್‌ವರ್ಕ್ ಕಾರ್ಡಿನ ಬೂಟ್ ರಾಮ್ ಸಾಕೆಟ್ಟಲ್ಲಿ ಕೂರಿಸಿದ್ರೆ ಆಯ್ತು, ಮದರ್‌ಬೋರ್ಡ್ ಮುಟ್ಟೋದೇ ಬೇಡ. ಆದ್ರೂ ಡಾಸ್ 6.22ರಲ್ಲಿ ಒಂದು ಪಾರ್ಟಿಷನ್ 2 ಜಿಬಿ ಮೀರಲ್ಲ, ಭಾಗ ಮಾಡ್ಕೋಬೇಕು.

ಮತ್ತೆ ಬೋರ್ಡ್ ಮೇಲೆ ಪುಟ್ಟ ಪೀಪಾಯಿ ಥರ ನೀಲಿ ಬ್ಯಾಟರಿ ಇದ್ರೆ ದಯವಿಟ್ಟು ಇವತ್ತೇ ತೆಗೀರಿ, ಅದು ಸೋರಿ ತಾಮ್ರದ ಗೆರೆಗಳನ್ನ ತಿಂದುಹಾಕತ್ತೆ, ನನ್ನದೊಂದು 386 ಹಾಗೇ ಹೋಯ್ತು, ಇವತ್ತಿಗೂ ಹೊಟ್ಟೆ ಉರಿಯತ್ತೆ.

ಐಆರ್‌ಕ್ಯೂ_ಹತ್ತು:
ಸೀರಿಯಲ್ ವೈಫೈ ಮೋಡೆಮ್ ಅಂದ್ರೆ ಒಳಗೆ ಇಎಸ್‌ಪಿ 8266 ಚಿಪ್, ಹಳೇ ಕಾಲದ ಮೋಡೆಮಿನ ಎಟಿ ಕಮಾಂಡ್ ಕೊಟ್ರೆ ಫೋನ್ ನಂಬರ್ ಬದ್ಲು ಸರ್ವರ್ ಹೆಸರಿಗೆ ಡಯಲ್ ಮಾಡತ್ತೆ. ಟೆಲ್ನೆಟ್ ಬಿಬಿಎಸ್ (ಬರೀ ಅಕ್ಷರಗಳ ಹಳೇ ಚರ್ಚಾಕಟ್ಟೆ) ನೋಡಕ್ಕೆ ಅದ್ಭುತ. ನೀವೇ ಕಟ್ಟೋದಾದ್ರೆ ಚಿಪ್ 3.3 ವೋಲ್ಟಿಂದು, ಮಧ್ಯೆ ವೋಲ್ಟೇಜ್ ಹೊಂದಿಸೋ ಮ್ಯಾಕ್ಸ್ 3232 ಚಿಪ್ ಇರ್ಲೇಬೇಕು, ನೇರ ಕೊಟ್ರೆ ಸುಟ್ಟೋಗತ್ತೆ. ಆದ್ರೆ ಫೈಲ್ ಕಳ್ಸಕ್ಕೆ ನಾನಂತೂ ಬೇಡ ಅಂತೀನಿ, 115200 ಬಿಟ್ ವೇಗದಲ್ಲಿ ಓಡಿದ್ರೂ ಸೆಕೆಂಡಿಗೆ 11 ಕೆಬಿ ಅಷ್ಟೇ, ಅದೂ 16550 ಯುಆರ್ಟ್ (ಸೀರಿಯಲ್ ಪೋರ್ಟ್ ನಡೆಸೋ ಚಿಪ್) ಇದ್ರೆ, ಇಲ್ದಿದ್ರೆ ಅಕ್ಷರಗಳು ಬಿದ್ದೋಗ್ತಾವೆ.

ಎನ್‌ಇ 2000 ಥರದ ಐಎಸ್‌ಎ (ಹಳೇ ಸ್ಲಾಟಿನ) ನೆಟ್‌ವರ್ಕ್ ಕಾರ್ಡ್ ಹಾಕಿ, ಅದರ ಕೇಬಲ್ಲನ್ನ ಕ್ಲೈಂಟ್ ಮೋಡಲ್ಲಿರೋ ಪುಟ್ಟ ವೈಫೈ ರೌಟರಿಗೆ ಕೊಡಿ. ಪಾಸ್‌ವರ್ಡ್, ಎನ್‌ಕ್ರಿಪ್ಷನ್ ಎಲ್ಲಾ ರೌಟರೇ ನೋಡ್ಕೊಳತ್ತೆ, 486ಗೆ ಅದು ಬರೀ ತಂತಿ. ಕಾರ್ಡಿನ ಪ್ಯಾಕೆಟ್ ಡ್ರೈವರ್ ಮೇಲೆ ಎಂಟಿಸಿಪಿ (ಡಾಸಿನ ನೆಟ್‌ವರ್ಕ್ ಪ್ರೋಗ್ರಾಮ್‌ಗಳ ಕಟ್ಟು) ಹಾಕಿದ್ರೆ ಫೈಲ್ ಕಳ್ಸೋ ಎಫ್‌ಟಿಪಿ ಸರ್ವರೂ ಅದರಲ್ಲೇ ಬರತ್ತೆ. ಕಾರ್ಡನ್ನ ಐಆರ್‌ಕ್ಯೂ (ಕಾರ್ಡ್ ಸಿಪಿಯುನ ಕರೆಯೋ ಗೆರೆ) 10ಕ್ಕೆ ಇಡಿ, 5ರಲ್ಲಿ ಸೌಂಡ್ ಕಾರ್ಡ್ ಕೂತಿರತ್ತೆ, 3ರಲ್ಲಿ ಎರಡನೇ ಸೀರಿಯಲ್ ಪೋರ್ಟ್ ಕಾಮ್ 2. ಎಚ್‌ಟಿಟಿಪಿಎಸ್ ಸೈಟ್‌ಗಳು ನೇರವಾಗಿ ತೆರೆಯಲ್ಲ, ಮತ್ತೆ ಎಫ್‌ಟಿಪಿ ಪಾಸ್‌ವರ್ಡ್ ಬಟಾಬಯಲಾಗಿ ಹೋಗೋದ್ರಿಂದ ಮನೆ ನೆಟ್‌ವರ್ಕ್ ಒಳಗೇ ಇರ್ಲಿ.

ಹಳೇಪೆಟ್ಟಿಗೆ:
ಬ್ಯಾಟರಿ ತೆಗ್ದೆ, ಆಗ್ಲೇ ಹಸಿರು ಹತ್ತಿತ್ತು ಆದ್ರೆ ಗೆರೆಗಳು ಉಳಿದಿವೆ. ಕಾಪಿ ಮೂರನೇ ಸಲಕ್ಕೆ ಪೂರ್ತಿ ಆಯ್ತು, ಎರಡು ಫೈಲ್ ಬಿಟ್ಟು ಎಲ್ಲಾ ಬಂದಿದೆ. ಐಎಸ್‌ಎ ಕಾರ್ಡ್ ಹುಡುಕ್ತಿದೀನಿ, ಬೂಟ್ ರಾಮ್ ಸಾಕೆಟ್ ಇರೋದೇ ತಗೊಳ್ತೀನಿ.