ಬಾಲ್ಕನಿ ಚಟ್ಟಿಯ ಮಲ್ಲಿಗೆ: ಎಲೆ ಧಾರಾಳ, ಮೊಗ್ಗು ಇಲ್ಲ
(ಒಬ್ಬರ ಪ್ರಶ್ನೆ, ಉಳಿದವರ ಉತ್ತರ; ಹೆಸರಿನ ಬದಲು ಅವರವರ ಊರು)

ಕಾಸರಗೋಡು ಪೇಟೆ:
ಮೂರನೇ ಮಹಡಿಯ ಫ್ಲಾಟ್, ಪಡುವಣ ಬಾಲ್ಕನಿ. ಮಧ್ಯಾಹ್ನದಿಂದ ಸಂಜೆವರೆಗೆ ಒಳ್ಳೆ ಬಿಸಿಲುಂಟು. 12 ಇಂಚಿನ ಪ್ಲಾಸ್ಟಿಕ್ ಚಟ್ಟಿಯಲ್ಲಿ ಶಂಕರಪುರ ಮಲ್ಲಿಗೆ. ಕೆಂಪು ಮಣ್ಣು, ತೆಂಗಿನ ನಾರಿನ ಹುಡಿ ಅರ್ಧರ್ಧ. ತಿಂಗಳಿಗೊಮ್ಮೆ ಒಂದು ಚಮಚ ಯೂರಿಯ. ಎಲೆ ದಟ್ಟವಾಗಿದೆ, ಗೆಲ್ಲು ಬಳ್ಳಿಯ ಹಾಗೆ ಉದ್ದ ಹೋಗುತ್ತಿದೆ, ಮೊಗ್ಗು ನಾಲ್ಕೋ ಐದೋ. ಪಕ್ಕದ ದಾಸವಾಳಕ್ಕೆ ಬಿಳಿ ಹತ್ತಿಯಂಥದ್ದು ಹಿಡಿದು ಮೊಗ್ಗು ಉದುರುತ್ತಿದೆ. ಮಳೆಗಾಲಕ್ಕೆ ಮೊದಲು ಎಂತ ಮಾಡಬೇಕು?

ನೀರ್ಚಾಲು:
ಮೊದಲು ಯೂರಿಯ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಗಿಡಕ್ಕೆ ಎಲೆ ಬೆಳೆಸುವುದೇ ಕೆಲಸ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಹಾಗಾಗಿ ಸವರದೆ ಹೂ ಇಲ್ಲ. ಈಗ ತುದಿ ಚಿವುಟಿದರೆ ಸಾಕು. ದೊಡ್ಡ ಸವರುವಿಕೆ ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ: ಒಂದು ವಾರ ನೀರು ಕಡಿಮೆ ಮಾಡಿ, ಮಣ್ಣಿನಿಂದ ಒಂದೂವರೆ ಅಡಿ ಬಿಟ್ಟು ಮೇಲಿನದ್ದನ್ನೆಲ್ಲ ಕತ್ತರಿಸಿ. ಒಣಗಿದ, ಬಡಕಲು ಗೆಲ್ಲುಗಳನ್ನು ಬುಡದಿಂದಲೇ ತೆಗೆಯಿರಿ, ಉಳಿದ ಎಲೆಗಳನ್ನೂ ಕೈಯಲ್ಲೇ ಉದುರಿಸಿ. ಮೇಲ್ಮಣ್ಣು ಕೆದಕಿ ಎರಡು ಮುಷ್ಟಿ ಹಳೆ ಹಟ್ಟಿಗೊಬ್ಬರ (ದನದ ಕೊಟ್ಟಿಗೆಯ ಗೊಬ್ಬರ), ಒಂದು ಮುಷ್ಟಿ ಬೇವಿನ ಹಿಂಡಿ, ಎರಡು ಚಮಚ ಎಲುಬಿನ ಹುಡಿ ಸೇರಿಸಿ. ಚಿಗುರು ಕಂಡ ಮೇಲೆ, 100 ಗ್ರಾಂ ನೆಲಗಡಲೆ ಹಿಂಡಿಯನ್ನು ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಹತ್ತು ಪಾಲು ನೀರು ಬೆರೆಸಿ, 15 ದಿನಕ್ಕೊಮ್ಮೆ ಅರ್ಧ ಲೀಟರ್ ಕೊಡಿ. ನಾತ ಬರುತ್ತದೆ, ನೆರೆಯವರು ಬಾಗಿಲು ತಟ್ಟಿದರೆ ನನ್ನನ್ನು ಬೈಯಬೇಡಿ.

ಮಂಜೇಶ್ವರ:
ಚಟ್ಟಿಯ ತಳಕ್ಕೆ ಎರಡಿಂಚು ಜಲ್ಲಿ ಹಾಕಿ, ನೀರು ಬಸಿದು ಹೋಗುತ್ತದೆ.

ಕುಂಬಳೆ:
ಜಲ್ಲಿ ಬೇಡ. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲಿನ ಸಂದಿಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ, ಜಲ್ಲಿಯ ಮೇಲೆಯೇ ನಿಲ್ಲುತ್ತದೆ. ಬೇರಿಗೆ ಸಿಗುವ ಜಾಗವೂ ಎರಡಿಂಚು ಕಡಿಮೆ. ತೂತಿಗೆ ಒಂದೊಂದು ಓಡಿನ ಚೂರು ಮುಚ್ಚಿದರೆ ಸಾಕು. ತೂತು ಕಿರುಬೆರಳು ಹೋಗುವಷ್ಟಿರಲಿ, ನಾಲ್ಕೈದು ಬೇಕು.

ನಿಜವಾದ ತೊಂದರೆ ಮಿಶ್ರಣದ್ದು. ನಾರಿನ ಹುಡಿ ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ. ಬೇಸಿಗೆಗೆ ಒಳ್ಳೆಯದೇ, ನಮ್ಮ ಊರಿನ ಜೂನ್, ಜುಲೈಗೆ ಅರ್ಧ ಪಾಲು ಎಂದರೆ ಬೇರು ಕೊಳೆಯುವುದು ಖಂಡಿತ. ಕೆಂಪು ಮಣ್ಣು ಎರಡು ಪಾಲು, ಹೊಯಿಗೆ (ಮರಳು) ಒಂದು, ಹಟ್ಟಿಗೊಬ್ಬರ ಒಂದು, ನಾರಿನ ಹುಡಿ ಅರ್ಧ ಪಾಲು ಸಾಕು. ಹೊಯಿಗೆ ಹೊಳೆಯದ್ದೇ ಆಗಬೇಕು, ಕಡಲಿನದ್ದರಲ್ಲಿ ಉಪ್ಪು. ನಾರಿನ ಹುಡಿಯನ್ನು ಕಂದು ನೀರು ತಿಳಿಯಾಗುವ ತನಕ ತೊಳೆದು ಹಿಂಡಿ. ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲೇ ಚಟ್ಟಿ ಬದಲಿಸಿ, ಅಡಿಯ ತಟ್ಟೆ ತೆಗೆದು ಇಟ್ಟಿಗೆ ಚೂರುಗಳ ಮೇಲೆ ಕೂರಿಸಿ. ಆಟಿ ತಿಂಗಳು (ಆಗಸ್ಟ್ ನಡು) ಮುಗಿಯುವ ತನಕ ಗೊಬ್ಬರ ಬೇಡ, ಹಾಕಿದರೂ ಮಳೆಗೆ ತೊಳೆದು ಕೆಳಮನೆಯ ಗೋಡೆಗೆ ಇಳಿಯುತ್ತದೆ.

ಪೆರ್ಲ:
ದಾಸವಾಳದ್ದು ಹಿಟ್ಟುತಿಗಣೆ. ಅದರ ಮೈಮೇಲಿನ ಮೇಣಕ್ಕೆ ನೀರು ತಾಗುವುದಿಲ್ಲ, ಬರೀ ಬೇವಿನೆಣ್ಣೆ ನೀರು ಜಾರಿ ಹೋಗುತ್ತದೆ. ಹೆಚ್ಚು ಹಿಡಿದ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡಿ. ಆಮೇಲೆ 5 ಮಿಲಿ ಬೇವಿನೆಣ್ಣೆಗೆ 2 ಮಿಲಿ ಸೋಪಿನ ದ್ರಾವಣ ಹಾಕಿ ಚೆನ್ನಾಗಿ ಕಲಸಿ, ನಂತರ ಒಂದು ಲೀಟರ್ ನೀರು ಸೇರಿಸಿ. ಬಿಸಿಲು ಇಳಿದ ಮೇಲೆ ಎಲೆಯಡಿಗೂ ಗೆಲ್ಲಿನ ಸಂದಿಗೂ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ. ಇರುವೆ ಸಾಲು ಇದ್ದರೆ ಅದನ್ನು ಬಿಡಬೇಡಿ, ತಿಗಣೆಯನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಅವೇ. ಮಲ್ಲಿಗೆ ಚಟ್ಟಿಯನ್ನು ಅಷ್ಟರ ತನಕ ಬಾಲ್ಕನಿಯ ಇನ್ನೊಂದು ಮೂಲೆಗೆ ಸರಿಸಿಡಿ.