ಕಚೇರಿ ಮಾತಿಗೆ ಎನ್‌ಕ್ರಿಪ್ಟೆಡ್ ಫೋನ್ ಬೇಕಾ? ಹುಬ್ಬಳ್ಳಿ ಮೊಬೈಲ್ ಭದ್ರತೆ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಗ್ರಾಮ ಆಡಳಿತಾಧಿಕಾರಿ, ಬ್ಯಾಡಗಿ: ನಮಸ್ಕಾರ ಸರ್. ದೊಡ್ಡ ಸಾಹೇಬರು ಬಳಸುವಂಥ ಎನ್‌ಕ್ರಿಪ್ಟೆಡ್ ಫೋನ್, ಅಂದರೆ ಮೆಸೇಜನ್ನು ಬೇರೆಯವರು ಓದಲಾಗದ ಗುಪ್ತಲಿಪಿ ಮಾಡಿ ಕಳಿಸುವ ಫೋನ್, ಆನ್‌ಲೈನಲ್ಲಿ ಮಾರಾಟಕ್ಕಿದೆ. ತಗೊಳ್ಳಲಾ?

ಇಂಜಿನಿಯರ್: ಬೇಡ. ಎನ್‌ಕ್ರೋಚಾಟ್ ಫೋನನ್ನೂ ಹೀಗೇ ಮಾರುತ್ತಿದ್ದರು. 2020ರಲ್ಲಿ ಫ್ರಾನ್ಸ್ ಪೊಲೀಸರು ಒಳಗೆ ಹೊಕ್ಕು ಎಲ್ಲ ಓದಿದರು. ಆನಮ್ ಎಂಬ ಫೋನನ್ನು ಅಮೆರಿಕದ ಎಫ್‌ಬಿಐಯೇ ನಡೆಸುತ್ತಿತ್ತು, 2021ರಲ್ಲಿ ಹೊರಬಿತ್ತು. ಸರ್ಕಾರಿ ಕೆಲಸಕ್ಕೆ ಇಲಾಖೆ ಕೊಟ್ಟಿದ್ದನ್ನೇ ಬಳಸಿ.

ಪಿಡಿಒ, ರೋಣ: ವಾಟ್ಸಾಪಲ್ಲಿ ಮೂರು ಟಿಕ್ ಬಂದರೆ ಸರ್ಕಾರ ನೋಡಿದೆ ಅಂತ ಅರ್ಥ. ಎಲ್ಲರಿಗೂ ಕಳಿಸಿ.

ಇಂಜಿನಿಯರ್: ಸುಳ್ಳು.

ಶಿಗ್ಗಾವಿ ಸದಸ್ಯ: ಹಳೆ ಕೀಪ್ಯಾಡ್ ಫೋನ್ ಸೇಫಾ ಸರ್?

ಗುಮಾಸ್ತೆ, ಗದಗ: ಸರ್, ಮದುವೆ ಕಾರ್ಡ್ ಅಂತ ಸಾಹೇಬರ ನಂಬರಿಂದ ಎಪಿಕೆ ಫೈಲ್ (ಒತ್ತಿದರೆ ಆ್ಯಪ್ ಹಾಕುವ ಫೈಲ್) ಬಂತು. ಒತ್ತಿಬಿಟ್ಟೆ. ಇದೇ ಫೋನಲ್ಲಿ ಜನರ ಆಧಾರ್ ಪ್ರತಿಗಳಿವೆ.

ಇಂಜಿನಿಯರ್: ಇದು ದೊಡ್ಡ ವಿಷಯ ಯಕ್ಕಾ. ಈಗಲೇ ಡೇಟಾ, ವೈಫೈ ಬಂದ್ ಮಾಡಿ. ಸಿಮ್ ತೆಗೆಯಿರಿ, ಇಲ್ಲದಿದ್ದರೆ ನಿಮ್ಮ ಒಟಿಪಿ ಕಳ್ಳರಿಗೇ ಹೋಗಬಹುದು. ಬೇರೆ ಫೋನಿಂದ ಬ್ಯಾಂಕಿಗೆ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಹೇಳಿ. ಪಾಸ್‌ವರ್ಡ್‌ಗಳನ್ನೂ ಬೇರೆ ಫೋನಿಂದಲೇ ಬದಲಿಸಿ. ಬಯ್ಯಿಸಿಕೊಳ್ಳಬೇಕಾದೀತು ಅಂತ ಮುಚ್ಚಿಡಬೇಡಿ, ಮೇಲಧಿಕಾರಿಗೆ ತಿಳಿಸಿ. ಸಾಹೇಬರ ನಂಬರೂ ಕಳ್ಳರ ಕೈಲಿದೆ ಅನ್ನಿಸುತ್ತೆ, ಅವರಿಗೆ ಕರೆ ಮಾಡಿಸಿ. ಎನ್‌ಕ್ರಿಪ್ಷನ್ ಮೆಸೇಜನ್ನು ಕಾಯುವುದು ದಾರಿಯಲ್ಲಿ ಮಾತ್ರ. ನೀವು ಓದಲು ಪರದೆ ಮೇಲೆ ತೆರೆದರೆ ಒಳಗೆ ಕುಳಿತ ಕಳ್ಳನೂ ಓದುತ್ತಾನೆ. ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶ ಮಾಡಿದ್ದೂ ಅದನ್ನೇ. ಎಪಿಕೆ ಒತ್ತುವ ಗೋಜೂ ಅದಕ್ಕಿರಲಿಲ್ಲ.

ಧಾರವಾಡ ಸದಸ್ಯ: ಅದಕ್ಕೇ ಎಲ್ಲರೂ ಸಂದೇಸ್ ಮೆಸೇಜ್ ಆ್ಯಪ್ ಬಳಸಬೇಕು. ಕೇಂದ್ರ ಸರ್ಕಾರದ ಎನ್‌ಐಸಿ ಮಾಡಿದ್ದು, ನಮ್ಮದು.

ಹುಬ್ಬಳ್ಳಿ ಸದಸ್ಯ: ನಮ್ಮದು ಅಂದ್ರೆ ಕಳ್ಳ ಒಳಗೆ ಬರಲ್ವಾ? ಸಿಗ್ನಲ್ ಆ್ಯಪ್ ಒಳ್ಳೇದು.

ಧಾರವಾಡ ಸದಸ್ಯ: 2025ರ ಮಾರ್ಚಲ್ಲಿ ಅಮೆರಿಕದ ಮಂತ್ರಿಗಳ ಸಿಗ್ನಲ್ ಗುಂಪಿಗೆ ಪತ್ರಕರ್ತರೊಬ್ಬರು ಸೇರಿಬಿಟ್ಟಿದ್ದು ಹೊರಬಿತ್ತು. ಪೇಪರ್ ಓದಲ್ವಾ?

ಹುಬ್ಬಳ್ಳಿ ಸದಸ್ಯ: ಸೇರಿಸಿದ್ದು ಆ ಗುಂಪಿನವರೇ, ಆ್ಯಪ್ ಏನು ಮಾಡುತ್ತೆ? ಧಾರವಾಡದವರಿಗೆ ಪಾಠ ಹೇಳೋದೇ ಕೆಲಸ.

ಧಾರವಾಡ ಸದಸ್ಯ: ನಿಮ್ಮ ಊರಿನವರಿಗೆ ಹೇಳಿಸಿಕೊಂಡರೂ ತಿಳಿಯಲ್ಲ.

ಪಿಡಿಒ, ರೋಣ: ಸ್ಟಾರ್ ಹ್ಯಾಷ್ 21 ಹ್ಯಾಷ್ ಒತ್ತಿದರೆ ಹ್ಯಾಕ್ ಆಗಿದ್ದು ಗೊತ್ತಾಗುತ್ತಂತೆ.

ಇಂಜಿನಿಯರ್: ಕರೆ ಬೇರೆ ನಂಬರಿಗೆ ತಿರುಗಿದೆಯಾ ಅಂತ ಮಾತ್ರ ತೋರಿಸುತ್ತೆ. ಯಾರೋ ಫೋನ್ ಮಾಡಿ ‘ಸ್ಟಾರ್ 401 ಸ್ಟಾರ್’ ಒತ್ತಿ ನಂಬರ್ ಹಾಕಿ ಅಂದರೆ ಹಾಕಬೇಡಿ, ನಿಮ್ಮ ಕರೆಗಳು ಅವರಿಗೆ ಹೋಗಬಹುದು. ದಯವಿಟ್ಟು ಫಾರ್ವರ್ಡ್ ಸಾಕು ಮಾಡಿ.

ಶಿಗ್ಗಾವಿ ಸದಸ್ಯ: ಸರ್, ಕೀಪ್ಯಾಡ್?

ಪಿಡಿಒ, ರೋಣ: ಮೂರು ಟಿಕ್ ನಿಜ, ನಮ್ಮ ಮಾವನಿಗೆ ಬಂದಿತ್ತು.

ಇಂಜಿನಿಯರ್: ಸ್ಕ್ರೀನ್‌ಶಾಟ್ ಕಳಿಸಿ, ಇಲ್ಲ ಸುಮ್ನಿರಿ. ಗದಗಿನ ಯಕ್ಕಾ, 1930ಕ್ಕೆ ಮಾತಾಡಿದ್ರಾ?

ಗುಮಾಸ್ತೆ, ಗದಗ: ಮಗಳ ಫೋನಿಂದ ಹಚ್ಚಿದೀನಿ ಸರ್, ಲೈನ್ ಸಿಗ್ತಿಲ್ಲ.

ಇಂಜಿನಿಯರ್: ಮತ್ತೆ ಹಚ್ಚಿ. ಬಿಡಬೇಡಿ.